ಮೂರು ಗಡಿ, ಒಂದು ಪೆಟ್ಟಿಗೆ

ಹಿಂದಿನ ಗಾಜಿನ ತುಂಬ ಕೆಂಪು-ನೀಲಿ ಬೆಳಕು. ಸೈರನ್ ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಅಣ್ಣ ಇಂಡಿಕೇಟರ್ ಹಾಕಿ ಕಾರನ್ನು ರಸ್ತೆಯಂಚಿಗೆ ತರುತ್ತಾರೆ. ನಾಲ್ಕೂ ಕಿಟಕಿ ಇಳಿಸಿ, ಆಮೇಲೆ ಎಂಜಿನ್ ಆರಿಸಿ, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆ ಬೆರಳು ಬಿಡಿಸಿ ಇಡುತ್ತಾರೆ. ನವೆಂಬರಿನ ಚಳಿ ಒಮ್ಮೆಲೇ ಒಳಗೆ ನುಗ್ಗುತ್ತದೆ.

"ಕೈ ಮಡಿಲ ಮೇಲೆ ಇಟ್ಕೊ ಮಾರಾಯ. ಫೋನ್ ಮುಟ್ಟಬೇಡ. ಬ್ಯಾಗಿಗೂ ಕೈ ಹಾಕಬೇಡ."

ನೀವು ಕೂತಿರುವುದು ಬಲಗಡೆಯ ಸೀಟಿನಲ್ಲಿ, ಅಂದರೆ ಊರಿನಲ್ಲಾದರೆ ಡ್ರೈವರ್ ಕೂರುವ ಜಾಗದಲ್ಲಿ. ನಿಮ್ಮ ಎಡ ಮೊಣಕೈಯಿಂದ ಒಂದು ಗೇಣು ದೂರದಲ್ಲಿ, ಅಣ್ಣನ ಬಲ ಸೊಂಟದ ಮೇಲೆ, ಜಾಕೆಟ್ಟಿನ ಅಡಿಯಲ್ಲಿ ಒಂದು 9 ಎಂಎಂ ಗ್ಲಾಕ್ ಪಿಸ್ತೂಲಿದೆ. ಮ್ಯಾಗಝೀನಿನಲ್ಲಿ ಹತ್ತು ಗುಂಡು, ಚೇಂಬರಿನಲ್ಲಿ ಇನ್ನೊಂದು. ಬೆಳಗ್ಗೆ ಪೆನ್ಸಿಲ್ವೇನಿಯಾದ ಎಕ್ಸ್‌ಟನ್‌ನಲ್ಲಿ ಕಾರು ಹತ್ತುವಾಗಲೇ ಅದನ್ನು ನಿಮಗೆ ಹೇಳಿದ್ದರು, ಛತ್ರಿ ಇಟ್ಟುಕೊಂಡಿದ್ದೇನೆ ಅನ್ನುವಷ್ಟು ಸಲೀಸಾಗಿ. ಆಗ ನೀವು ನಕ್ಕು ಸುಮ್ಮನಾಗಿದ್ದಿರಿ.

ಪೊಲೀಸ್ ಬರುವುದು ನಿಮ್ಮ ಕಡೆಯ ಕಿಟಕಿಗೆ. ವಾಹನಗಳು ಹಾಯುವ ಬದಿಗೆ ನಿಂತರೆ ಅವರ ಜೀವಕ್ಕೆ ಅಪಾಯ, ಅದಕ್ಕೇ ಹಲವರು ಈ ಬದಿಗೆ ಬರುತ್ತಾರೆ. ಆತನ ಮುಖ ನಿಮ್ಮ ಮುಖದ ಪಕ್ಕದಲ್ಲೇ. ಚೂಯಿಂಗ್ ಗಮ್ಮಿನ ಪುದೀನ ವಾಸನೆ ಬರುತ್ತಿದೆ. ಬಲಗೈ ಬೆಲ್ಟಿನ ಹತ್ತಿರ.

ಅಣ್ಣ ಮೊದಲೇ ಮಾತು ಜೋಡಿಸಿಟ್ಟುಕೊಂಡಿದ್ದಾರೆ. ‘ಗನ್’ ಎಂಬ ಪದ ಮೊದಲು ಬಾಯಿಂದ ಬರಬಾರದು. ಆ ಒಂದೇ ಪದ ಕಿವಿಗೆ ಬಿದ್ದು ಮಿಕ್ಕಿದ್ದು ಕೇಳಿಸದೆ ಹೋಗಬಹುದು. "ಆಫೀಸರ್, ನನ್ನ ಹತ್ತಿರ ಕ್ಯಾರಿ ಪರ್ಮಿಟ್ ಇದೆ. ಬಲ ಸೊಂಟದಲ್ಲಿದೆ. ಡ್ರೈವಿಂಗ್ ಲೈಸನ್ಸ್ ಎಡ ಜೇಬಿನಲ್ಲಿದೆ. ಹೇಗೆ ತೆಗೆಯಲಿ, ನೀವೇ ಹೇಳಿ."

ಪೆನ್ಸಿಲ್ವೇನಿಯಾದಲ್ಲಿ ಇದನ್ನು ತಾವಾಗಿ ಹೇಳಲೇಬೇಕೆಂಬ ಕಡ್ಡಾಯವಿಲ್ಲ. ಕೇಳಿದಾಗ ಪರ್ಮಿಟ್ ತೋರಿಸಿದರೆ ಸಾಕು. ಆದರೂ ಅಣ್ಣ ಹೇಳಿಬಿಡುವವರ ಪೈಕಿ. ಹೇಳುವುದರಲ್ಲೂ ಎಷ್ಟು ಅಪಾಯವಿದೆ ಎಂಬುದು ಅವರಿಗೆ ಗೊತ್ತಿಲ್ಲದೆ ಇಲ್ಲ. 2016ರ ಜುಲೈ 6ರಂದು ಮಿನ್ನೆಸೋಟಾದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲಾಂಡೊ ಕ್ಯಾಸ್ಟೀಲ್ ಎಂಬ ಶಾಲಾ ಕ್ಯಾಂಟೀನಿನ ನೌಕರ ಮಾಡಿದ್ದೂ ಇದನ್ನೇ. ಪರ್ಮಿಟ್ ಇತ್ತು. ನನ್ನ ಹತ್ತಿರ ಆಯುಧವಿದೆ ಎಂದು ಮರ್ಯಾದೆಯಿಂದ ಹೇಳಿದ. ಕೆಲವೇ ಸೆಕೆಂಡಿನಲ್ಲಿ ಪೊಲೀಸ್ ಏಳು ಗುಂಡು ಹಾರಿಸಿದ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗುವಿತ್ತು. ಮರುವರ್ಷ ಜ್ಯೂರಿ ಆ ಪೊಲೀಸನನ್ನು ನಿರ್ದೋಷಿ ಎಂದಿತು. ಕ್ಯಾಸ್ಟೀಲ್ ಕಪ್ಪು ಜನಾಂಗದವ. ನಿಮ್ಮ ಕೈಯ ಬಣ್ಣ ಮಡಿಲ ಮೇಲೆ ನಿಮಗೇ ಎದ್ದು ಕಾಣತೊಡಗುತ್ತದೆ.

"ಅದು ಅಲ್ಲೇ ಇರಲಿ," ಎನ್ನುತ್ತಾನೆ ಪೊಲೀಸ್. "ನೀವು ನಿಮ್ಮದು ಮುಟ್ಟಬೇಡಿ, ನಾನು ನನ್ನದು ಮುಟ್ಟಲ್ಲ."

ಅಣ್ಣನ ಎಡಗೈ ಜೇಬಿಗೆ ಇಳಿಯುವುದನ್ನು ಮೂವರೂ ನೋಡುತ್ತೀರಿ. ಕಾರಿನ ರಿಜಿಸ್ಟ್ರೇಷನ್, ವಿಮೆ ಕಾಗದ ಗ್ಲೋವ್ ಬಾಕ್ಸಿನಲ್ಲಿಲ್ಲ, ತಲೆಯ ಮೇಲಿನ ಸನ್ ವೈಸರಿಗೆ ಕ್ಲಿಪ್ ಹಾಕಿದೆ. ಪಿಸ್ತೂಲು ಇಟ್ಟುಕೊಳ್ಳುವವರು ಇದನ್ನು ಬೇಗ ಕಲಿಯುತ್ತಾರೆ: ಪೊಲೀಸರ ಕಣ್ಣೆದುರು ಯಾವ ಮುಚ್ಚಳವನ್ನೂ ತೆರೆಯುವ ಕೆಲಸ ಬರಬಾರದು. ಬೇಕಾದರೆ ಆತ ಅಣ್ಣನನ್ನು ಕೆಳಗಿಳಿಸಬಹುದಿತ್ತು. ಆ ಅಧಿಕಾರ ಬಂದದ್ದೂ ಇದೇ ರಾಜ್ಯದ ಒಂದು ಮೊಕದ್ದಮೆಯಿಂದ. ಫಿಲಡೆಲ್ಫಿಯಾದಲ್ಲಿ ಅವಧಿ ಮುಗಿದ ನಂಬರ್ ಪ್ಲೇಟಿಗಾಗಿ ಒಂದು ಕಾರು ನಿಲ್ಲಿಸಿದರು; ಇಳಿದವನ ಕೋಟಿನಡಿ ಉಬ್ಬು ಕಂಡಿತು; ತಡವಿದರೆ ಗುಂಡು ತುಂಬಿದ .38 ರಿವಾಲ್ವರ್. ಪಕ್ಕದಲ್ಲಿ ಕೂತಿದ್ದವನ ಬಳಿಯೂ ಒಂದು .32 ಸಿಕ್ಕಿತು. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ನಿಯಮ ಮುರಿದದ್ದಕ್ಕೆ ತಡೆದ ವಾಹನದಿಂದ ಚಾಲಕನನ್ನು ಇಳಿಸಲು ಬೇರೆ ಕಾರಣವೇ ಬೇಕಿಲ್ಲ ಎಂದು ತೀರ್ಪು ಕೊಟ್ಟಿತು.

ವೇಗ ಸ್ವಲ್ಪ ಜಾಸ್ತಿಯಾಯಿತು, ನಿಧಾನ ಹೋಗಿ ಎಂದು ಹೇಳಿ ಪೊಲೀಸ್ ಕಾಗದ ಹಿಂದಿರುಗಿಸುತ್ತಾನೆ. ಕಾರು ಮತ್ತೆ 202ನೇ ಹೆದ್ದಾರಿಗೆ ಸೇರಿಕೊಂಡ ಮೇಲೆ ಅಣ್ಣ ಆ ಪರ್ಮಿಟ್ಟನ್ನು ನಿಮಗೂ ತೋರಿಸುತ್ತಾರೆ. ಕೌಂಟಿಯ ಶೆರಿಫ್ ಕೊಟ್ಟ ಪುಟ್ಟ ಕಾರ್ಡು. ಶುಲ್ಕ 20 ಡಾಲರ್, ಅವಧಿ 5 ವರ್ಷ. ಇದೊಂದು ಜೇಬಿನಲ್ಲಿಲ್ಲದಿದ್ದರೆ ಈಗಿರುವ ಹಾಗೆ ಗುಂಡು ತುಂಬಿದ ಕೈಬಂದೂಕನ್ನು ಕಾರಿನಲ್ಲಿ ಒಯ್ಯುವುದು ಇಲ್ಲಿ ಕ್ರಿಮಿನಲ್ ಅಪರಾಧ.

"ಇದೆಲ್ಲ ಬೇಕಾ ಅಣ್ಣ ನಿಮಗೆ?"

"ರಾತ್ರಿ ಹನ್ನೊಂದಕ್ಕೆ ಅಂಗಡಿ ಬಾಗಿಲು ಹಾಕಿ ದುಡ್ಡಿನ ಚೀಲ ಹಿಡ್ಕೊಂಡು ಒಬ್ಬನೇ ಹೊರಗೆ ಬರ್ತೀನಿ. ನೀನು ಲ್ಯಾಪ್‌ಟಾಪ್ ಮುಚ್ಚಿ ಮಲಗ್ತೀಯ." ಸ್ವಲ್ಪ ಹೊತ್ತು ಬಿಟ್ಟು, "ಅಪ್ಪನ ಹತ್ರ ಒಂಟಿ ನಳಿಗೆ ಕೋವಿ ಇತ್ತಲ್ಲ, ತೋಟಕ್ಕೆ ಮಂಗ ಬಂದ್ರೆ ಒಂದು ಈಡು ಹೊಡೆಯಕ್ಕೆ. ಎಲೆಕ್ಷನ್ ಬಂತು ಅಂದ್ರೆ ಸ್ಟೇಷನ್ನಿಗೆ ಕೊಟ್ಟು ರಸೀದಿ ತರಬೇಕು. ಲೈಸನ್ಸಿನಲ್ಲಿ ಶಿವಮೊಗ್ಗ ಜಿಲ್ಲೆ ಅಂತ ಬರೆದಿತ್ತು. ಕೋವಿ ಹಿಡ್ಕೊಂಡು ಜೋಗ ದಾಟಿ ಹೊನ್ನಾವರದ ಕಡೆ ಇಳಿದ್ರೆ ತಪ್ಪು. ಆಗೆಲ್ಲ ನಗ್ತಿದ್ದೆ. ಈಗ ನೋಡು."

ಈಗ ನೋಡುವುದಕ್ಕೆ ಇನ್ನು ಕೆಲವೇ ಮೈಲಿ. ನೀವು ಹೊರಟಿರುವುದು ವರ್ಮಾಂಟಿನ ರಟ್ಲಂಡಿಗೆ. ಜಿಂಕೆ ಬೇಟೆಯ ರೈಫಲ್ ಸೀಸನ್ ಶುರುವಾಗಿದೆ, ಅಲ್ಲಿ ಅಣ್ಣನ ಗೆಳೆಯನ ಕಾಡುಮನೆಯಿದೆ. ದಾರಿಯಲ್ಲಿ ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ಅಡ್ಡ ಬರುತ್ತವೆ. ಎರಡೂ ಅಣ್ಣನ ಕಾರ್ಡನ್ನು ಮೂಸಿಯೂ ನೋಡುವುದಿಲ್ಲ.

ನ್ಯೂ ಹೋಪ್ ಊರಿನ ಹತ್ತಿರ, ಡೆಲಾವೇರ್ ನದಿಗೆ ಇನ್ನೂ ಈಚೆಗೆ, ಖಾಲಿ ಪಾರ್ಕಿಂಗ್ ಜಾಗದ ಮೂಲೆಯಲ್ಲಿ ಕಾರು ನಿಲ್ಲುತ್ತದೆ. ನೀವು ಇಳಿದು ಆರೇಳು ಹೆಜ್ಜೆ ದೂರ ನಿಲ್ಲಬೇಕೆಂದು ಅಪ್ಪಣೆ. ನೀವು ಎಚ್-1ಬಿ ವೀಸಾದವರು. ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕಾಗಲಿ ಗುಂಡಾಗಲಿ ವಶದಲ್ಲಿಟ್ಟುಕೊಳ್ಳುವುದನ್ನು 1998ರಿಂದ ಕೇಂದ್ರ ಕಾನೂನು ನಿಷೇಧಿಸಿದೆ; ಕೆಲವೇ ವಿನಾಯಿತಿಗಳಿವೆ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆಯಿಲ್ಲ, ಪೌರತ್ವ ಪಡೆದ ಅಣ್ಣನಿಗಂತೂ ಇಲ್ಲವೇ ಇಲ್ಲ. ಗೆಳೆಯರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಫೋಟೊ ತೆಗೆಸಿಕೊಂಡು ಸ್ಟೇಟಸ್ ಹಾಕುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಈ ಸೆಕ್ಷನ್ ಓದಿದ್ದಾರೋ.

ಅಣ್ಣ ಹಿಂಬಾಗಿಲು ಎತ್ತಿ, ಒಂದು ಹಳೆ ಟವೆಲ್ ಹಾಸುತ್ತಾರೆ. ಪಿಸ್ತೂಲಿನ ಮೂತಿ ನೆಲಕ್ಕೆ. ಹೆಬ್ಬೆರಳು ಗುಂಡಿ ಒತ್ತಿದೊಡನೆ ಮ್ಯಾಗಝೀನ್ ಅಂಗೈಗೆ ಜಾರುತ್ತದೆ. ಹೊಸಬರು ಎಡವುವುದು ಇಲ್ಲೇ: ಮ್ಯಾಗಝೀನ್ ತೆಗೆದರೂ ಚೇಂಬರಿನಲ್ಲಿ ಒಂದು ಕೂತಿರುತ್ತದೆ. ಸ್ಲೈಡನ್ನು ಹಿಂದಕ್ಕೆಳೆದಾಗ ಆ ಒಂದು ಗುಂಡು ಹಾರಿ ಟವೆಲಿನ ಮೇಲೆ ಬಿದ್ದು ಉರುಳುತ್ತದೆ. ತೆರೆದ ಚೇಂಬರಿನೊಳಗೆ ಕಣ್ಣು ಹಾಯಿಸಿ, ಸಾಲದೆಂದು ಕಿರುಬೆರಳು ತೂರಿಸಿ ನೋಡುತ್ತಾರೆ. ಮ್ಯಾಗಝೀನಿನಿಂದ ಹತ್ತೂ ಗುಂಡನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ತಳ್ಳಿ ಹೊರತೆಗೆದು ರಟ್ಟಿನ ಡಬ್ಬಿಗೆ ಹಾಕುತ್ತಾರೆ. ಮೂತಿಯಲ್ಲಿ ಕುಳಿಯಿರುವ ಹಾಲೋ ಪಾಯಿಂಟ್ ಗುಂಡಿಗೆ ನ್ಯೂಜೆರ್ಸಿಯಲ್ಲಿ ಬೇರೆಯದೇ ತಕರಾರು, ಆದ್ದರಿಂದ ಇವತ್ತು ತಂದಿರುವುದು ಉರುಟು ಮೂತಿಯವು. ಅಣ್ಣನ ಪಿಸ್ತೂಲಿನ ಜೊತೆ ಬಂದದ್ದು ಹದಿನೈದು ಗುಂಡಿನ ಮ್ಯಾಗಝೀನ್. ಅದನ್ನು ಮನೆಯಲ್ಲೇ ಬಿಟ್ಟಿದ್ದಾರೆ, ಏಕೆಂದರೆ ಮುಂದಿನ ಎರಡೂ ರಾಜ್ಯಗಳ ಮಿತಿ ಹತ್ತು.

ಪಿಸ್ತೂಲು ಉಕ್ಕಿನ ಪೆಟ್ಟಿಗೆಗೆ, ಗುಂಡು ಇನ್ನೊಂದು ಪೆಟ್ಟಿಗೆಗೆ, ಎರಡಕ್ಕೂ ಬೀಗ, ಬೀಗಕ್ಕೆ ಕೇಬಲ್, ಕೇಬಲ್ ಕಾರಿನ ಕೊಂಡಿಗೆ. ಇಷ್ಟಕ್ಕೆ ಆಧಾರ 1986ರ ಕೇಂದ್ರ ಕಾಯ್ದೆಯ 926ಎ ಎಂಬ ಸೆಕ್ಷನ್. ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ನಿಮಗೆ ಬಂದೂಕು ಒಯ್ಯುವ ಹಕ್ಕಿದ್ದರೆ, ನಡುವಿನ ರಾಜ್ಯ ಏನೇ ಹೇಳಲಿ, ಗುಂಡು ತೆಗೆದು ಕೈಗೆಟುಕದ ಹಾಗಿಟ್ಟು ದಾಟಿ ಹೋಗಬಹುದು. ಡಿಕ್ಕಿ ಬೇರೆಯಿರುವ ಕಾರಾದರೆ ಡಿಕ್ಕಿಯಲ್ಲಿ. ಅಣ್ಣನದು ಟೊಯೋಟಾ ಹೈಲ್ಯಾಂಡರ್, ಹಿಂದಿನ ಜಾಗ ಸೀಟಿಗೆ ತೆರೆದುಕೊಂಡಿದೆ, ಆದ್ದರಿಂದ ಬೀಗದ ಪೆಟ್ಟಿಗೆ ಬೇಕೇ ಬೇಕು. ಗ್ಲೋವ್ ಬಾಕ್ಸಿಗೆ ಬೀಗ ಹಾಕಿದರೂ ಆಗುವುದಿಲ್ಲ ಎಂದು ಸೆಕ್ಷನ್ನಿನಲ್ಲೇ ಬರೆದಿದೆ.

ಸೇತುವೆ ಬರುತ್ತದೆ. ಈ ಕಡೆಯಿಂದ ಹೋಗುವವರಿಗೆ ಟೋಲ್ ಇಲ್ಲ. ನ್ಯೂಜೆರ್ಸಿಯಿಂದ ಪೆನ್ಸಿಲ್ವೇನಿಯಾಕ್ಕೆ ಬರುವವರು ಮಾತ್ರ ಕೊಡಬೇಕು. ಯಾರೂ ತಡೆಯುವುದಿಲ್ಲ, ಕೇಳುವುದಿಲ್ಲ. ಕೆಳಗೆ ಡೆಲಾವೇರ್ ಮಾಸಲು ಹಸಿರಾಗಿ ಹರಿಯುತ್ತಿದೆ. ಅರ್ಧ ಗಂಟೆ ಮುಂಚೆ ಅಣ್ಣನ ಸೊಂಟದಲ್ಲಿ ಪೊಲೀಸರಿಂದಲೇ ‘ಅಲ್ಲೇ ಇರಲಿ’ ಅನ್ನಿಸಿಕೊಂಡ ವಸ್ತು, ಅದೇ ಸೊಂಟದಲ್ಲಿ ಅದೇ ಹನ್ನೊಂದು ಗುಂಡಿನ ಜೊತೆ ಈ ನೀರಿನ ನಡುಭಾಗ ದಾಟಿದ್ದರೆ ಎರಡನೇ ದರ್ಜೆಯ ಅಪರಾಧ. ಐದರಿಂದ ಹತ್ತು ವರ್ಷ. ಅದರಲ್ಲಿ ಕನಿಷ್ಠ 42 ತಿಂಗಳು ಪೆರೋಲ್ ಕೂಡ ಇಲ್ಲ.

ಇದು ಬರೀ ಪುಸ್ತಕದ ಮಾತಲ್ಲ. 2013ರಲ್ಲಿ ಫಿಲಡೆಲ್ಫಿಯಾದ ಇಬ್ಬರು ಮಕ್ಕಳ ತಾಯಿಯೊಬ್ಬಳು ಅಟ್ಲಾಂಟಿಕ್ ಸಿಟಿ ಕಡೆ ಹೋಗುತ್ತಿದ್ದಾಗ ಲೇನ್ ಬದಲಿಸಿದ್ದಕ್ಕೆ ನ್ಯೂಜೆರ್ಸಿ ಪೊಲೀಸರು ತಡೆದರು. ಆಕೆಯ ಬಳಿ ಪೆನ್ಸಿಲ್ವೇನಿಯಾದ ಪರ್ಮಿಟ್ ಇತ್ತು, ಚೀಲದಲ್ಲಿ ಗುಂಡು ತುಂಬಿದ ಪಿಸ್ತೂಲಿತ್ತು. ಡ್ರೈವಿಂಗ್ ಲೈಸನ್ಸಿನಂತೆ ಇದೂ ಎಲ್ಲ ಕಡೆ ನಡೆಯುತ್ತದೆ ಎಂದುಕೊಂಡು ಆಕೆಯೇ ಬಾಯಿಬಿಟ್ಟು ಹೇಳಿದಳು. ವಾರಗಟ್ಟಲೆ ಜೈಲಿನಲ್ಲಿದ್ದು, ವರ್ಷ ಕಳೆದ ಮೇಲೆ ಸರ್ಕಾರಿ ವಕೀಲರ ಮನಸ್ಸು ಕರಗಿ, ಕೊನೆಗೆ 2015ರ ಏಪ್ರಿಲ್‌ನಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ಕಳ್ಳ ಯಾವತ್ತೂ ಹೀಗೆ ತಾನಾಗಿ ಹೇಳಿ ಸಿಕ್ಕಿಬೀಳುವುದಿಲ್ಲ. ಈ ಕಾನೂನಿನ ಬಲೆಗೆ ಬೇಗ ಬೀಳುವುದು ಸತ್ಯ ಹೇಳುವವರು; ಹಾಗಂತ ಗಡಿಯಾಚೆಯಿಂದ ಬರುವ ಪಿಸ್ತೂಲಿಗೆ ನ್ಯೂಜೆರ್ಸಿ ಹೆದರುವುದರಲ್ಲೂ ಅರ್ಥವಿಲ್ಲದಿಲ್ಲ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳದೆ ಈ ದಾರಿ ಅರ್ಥವಾಗುವುದಿಲ್ಲ.

ಬ್ರಿಡ್ಜ್‌ವಾಟರ್ ಹತ್ತಿರವಾಗುತ್ತಿದೆ. ಇಲ್ಲಿನ ವೆಂಕಟೇಶ್ವರ ದೇವಸ್ಥಾನದ ಕ್ಯಾಂಟೀನ್ ದೋಸೆಗೆ ಹೆಸರುವಾಸಿ, ನೀವು ಬೆಳಗ್ಗೆಯಿಂದ ಅದನ್ನೇ ನೆನೆಸಿಕೊಂಡು ಕೂತಿದ್ದೀರಿ. ತಿರುವು ಬರುತ್ತದೆ, ಹೋಗುತ್ತದೆ. ಅಣ್ಣ ತಿರುಗಿಸುವುದಿಲ್ಲ.

"ದೇವರಿಗೆ ದೂರದಿಂದಲೇ ಕೈ ಮುಗಿ."

"ಒಂದು ದೋಸೆಗೆ ಎಷ್ಟು ಹೊತ್ತು ಅಣ್ಣ?"

"ದೋಸೆ ತಿಂದೆ ಅಂದ್ರೆ ನಾನು ದಾಟಿ ಹೋಗ್ತಿದೀನೋ, ಇಲ್ಲಿಗೇ ಬಂದಿದೀನೋ? ಅದನ್ನ ಜಡ್ಜ್ ಮುಂದೆ ವಾದ ಮಾಡಕ್ಕೆ ನನಗಿಷ್ಟ ಇಲ್ಲ."

ಅತಿಯಾಯಿತು ಅನ್ನಿಸಬಹುದು. ಆದರೆ ಇದೇ ರಾಜ್ಯದ ನ್ಯೂಅರ್ಕ್ ವಿಮಾನ ನಿಲ್ದಾಣದಲ್ಲಿ 2005ರಲ್ಲಿ ಯೂಟಾದ ಪ್ರಯಾಣಿಕನೊಬ್ಬನಿಗೆ ಮುಂದಿನ ವಿಮಾನ ತಪ್ಪಿತು. ಪೆನ್ಸಿಲ್ವೇನಿಯಾಕ್ಕೆ ಹೊರಟವನು. ಪಿಸ್ತೂಲಿನ ಬೀಗ ಹಾಕಿದ ಪೆಟ್ಟಿಗೆಯಿದ್ದ ಬ್ಯಾಗು ಕೈಗೆ ಬಂತು. ರಾತ್ರಿ ಹೋಟೆಲಿನಲ್ಲಿ ತಂಗಿ, ಬೆಳಗ್ಗೆ ಕೌಂಟರಿನಲ್ಲಿ ನಿಯಮದಂತೆ ತಾನೇ ಘೋಷಿಸಿದ, ಬಂಧನವಾಯಿತು. ಮೊಕದ್ದಮೆ ಕೈಬಿಟ್ಟರೂ ಆತ ಪರಿಹಾರ ಕೇಳಿ ಕೋರ್ಟಿಗೆ ಹೋದ. 2010ರಲ್ಲಿ ಮೇಲ್ಮನವಿ ಕೋರ್ಟ್ ಅವನ ತಪ್ಪಿಲ್ಲದೆ ಕಷ್ಟಕ್ಕೆ ಸಿಕ್ಕಿದ್ದನ್ನು ಒಪ್ಪಿತು, ಆದರೂ ಸೋಲಿಸಿತು: ಹೋಟೆಲಿನಲ್ಲಿ ಬ್ಯಾಗು ಅವನ ಕೈಗೆ ಸುಲಭವಾಗಿ ಸಿಗುವಂತಿತ್ತು, ಹಾಗಾಗಿ 926ಎ ಅವನನ್ನು ಕಾಯುವುದಿಲ್ಲ.

287ನೇ ಹೆದ್ದಾರಿಯ ಮೇಲೆ ಉತ್ತರಕ್ಕೆ. ನ್ಯೂಜೆರ್ಸಿ ಮುಗಿಯುವವರೆಗೆ ಅಣ್ಣ ಸ್ಪೀಡ್ ಮಿತಿಗಿಂತ ಒಂದು ಮೈಲಿಯೂ ಮೇಲೆ ಹೋಗುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದು ಹಾದುಹೋಗುತ್ತಾರೆ.

ನ್ಯೂಯಾರ್ಕಿನ ಗಡಿ ದಾಟಿದ ಸ್ವಲ್ಪದರಲ್ಲೇ ಸ್ಲೋಟ್ಸ್‌ಬರ್ಗ್ ಸರ್ವಿಸ್ ಏರಿಯಾ. ಪೆಟ್ರೋಲು, ಕಾಫಿ, ಶೌಚಾಲಯ. ಒಬ್ಬರಾದ ಮೇಲೆ ಒಬ್ಬರು ಇಳಿಯಬೇಕು, ಕಾರು ಒಂಟಿಯಾಗಬಾರದು. ಕಾಯುವ ಸರದಿ ನಿಮ್ಮದಾದಾಗ ಅಣ್ಣ ಪೆಟ್ಟಿಗೆಯ ಕೀಲಿ ಜೇಬಿಗೆ ಹಾಕಿಕೊಂಡೇ ಹೋಗುತ್ತಾರೆ. ಬೀಗ ಹಾಕಿದ ಎರಡು ಪೆಟ್ಟಿಗೆಗಳ ಮುಂದೆ, ಅವುಗಳಿಗೆ ಸಂಬಂಧವಿಲ್ಲದವರ ಹಾಗೆ ಕೂರುವುದು ಹೇಗೆಂದು ನೀವು ಯೋಚಿಸುತ್ತೀರಿ.

ಆ ಬಿಡುವಿನಲ್ಲಿ ಫೋನಿನಲ್ಲಿ ನ್ಯೂಯಾರ್ಕಿನ ದಂಡಸಂಹಿತೆ ತೆರೆದರೆ ತಲೆ ಗಿರ್ರೆನ್ನುತ್ತದೆ. ಅಲ್ಲಿ ‘ಗುಂಡು ತುಂಬಿದ’ ಬಂದೂಕು ಎಂದರೆ ಒಳಗೆ ಗುಂಡಿರುವುದು ಮಾತ್ರವಲ್ಲ. ಬಂದೂಕು ಖಾಲಿಯಿದ್ದು, ಅದಕ್ಕೆ ಹೊಂದುವ ಗುಂಡು ಅದೇ ವ್ಯಕ್ತಿಯ ವಶದಲ್ಲಿ ಅದೇ ಹೊತ್ತಿಗೆ ಇದ್ದರೂ ಅದು ತುಂಬಿದ ಬಂದೂಕೇ. ಅಂದರೆ ಅಣ್ಣ ಟವೆಲ್ ಹಾಸಿ ಕಿರುಬೆರಳು ತೂರಿಸಿ ಖಾಲಿ ಮಾಡಿದ ಪಿಸ್ತೂಲು, ಪಕ್ಕದ ಪೆಟ್ಟಿಗೆಯ ಹನ್ನೊಂದು ಗುಂಡಿನಿಂದಾಗಿ ಈ ರಾಜ್ಯದ ಲೆಕ್ಕದಲ್ಲಿ ಈಗಲೂ ತುಂಬಿಯೇ ಇದೆ. ಪರ್ಮಿಟ್ ಇಲ್ಲದೆ ಮನೆ, ಅಂಗಡಿಯ ಹೊರಗೆ ಅಂಥದ್ದು ಸಿಕ್ಕರೆ ಸಿ ದರ್ಜೆಯ ಫೆಲನಿ, ಕನಿಷ್ಠ ಮೂರೂವರೆ ವರ್ಷ. ಉಕ್ಕು ತಟ್ಟಿ ನೋಡಿದರೆ ಒಂದು, ಕಾಗದ ಓದಿದರೆ ಇನ್ನೊಂದು. ಇವೆರಡರ ನಡುವೆ ಅಣ್ಣನನ್ನು ಕಾಯುತ್ತಿರುವುದು 1986ರ ಆ ಒಂದು ಸೆಕ್ಷನ್. ಅದನ್ನೂ ಬಂಧನವಾದ ಮೇಲೆ ಕೋರ್ಟಿನಲ್ಲಿ ಎತ್ತಿ ತೋರಿಸಬೇಕಾಗಿ ಬರಬಹುದು.

2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಬ್ರೂಯೆನ್ ಪ್ರಕರಣದಲ್ಲಿ ನ್ಯೂಯಾರ್ಕಿನ ಹಳೆಯ ಪರ್ಮಿಟ್ ಪದ್ಧತಿಯನ್ನು ಹೊಡೆದುಹಾಕಿದಾಗ ಅಣ್ಣನಂಥವರು ಸಿಹಿ ಹಂಚಿದ್ದರು. ಆದರೆ ನ್ಯೂಯಾರ್ಕ್, ನ್ಯೂಜೆರ್ಸಿ ಎರಡೂ ಅದೇ ವರ್ಷ ಹೊಸ ಕಾನೂನು ತಂದವು. ನ್ಯೂಜೆರ್ಸಿಯಂತೂ ತನ್ನದೇ ಪರ್ಮಿಟ್ ಇದ್ದವರೂ ಕಾರಿನೊಳಗೆ ಗುಂಡು ತೆಗೆದು ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು ಎಂದು ಬರೆಯಿತು. 2023ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶೆ ರೆನೀ ಬಂಬ್ ಅದಕ್ಕೆ ತಡೆ ಕೊಟ್ಟರು. ಪೆನ್ಸಿಲ್ವೇನಿಯಾದ ಕಾರ್ಡಿಗೆ ಇದರಿಂದ ಯಾವ ಬೆಲೆಯೂ ಬರಲಿಲ್ಲ.

ಆಲ್ಬನಿವರೆಗಿನ ದಾರಿಯಲ್ಲಿ ಹೇಳುವಂಥದ್ದಿಲ್ಲ. ನಿದ್ದೆ, ಮಳೆ, ರೇಡಿಯೊ.

ನಾರ್ತ್‌ವೇ ಹೆದ್ದಾರಿ ಬಿಟ್ಟು ಫೋರ್ಟ್ ಆ್ಯನ್, ವೈಟ್‌ಹಾಲ್ ದಾಟುವಾಗ ಸಂಜೆ ನಾಲ್ಕೂವರೆ, ಕತ್ತಲು. ಕಾರಿನ ದೀಪದಲ್ಲಿ ಮಳೆಹನಿ ಹಿಮವಾಗುತ್ತಿದೆ. ವರ್ಮಾಂಟಿಗೆ ಸ್ವಾಗತ ಹೇಳುವ ಹಸಿರು ಫಲಕ ದಾಟಿ, ಫೇರ್ ಹೇವನ್ನಿನಲ್ಲಿ ಅಣ್ಣ ಕಾರು ನಿಲ್ಲಿಸಿ ಹಿಂಬಾಗಿಲು ಎತ್ತುತ್ತಾರೆ. ನೀವು ಈ ಸಲ ಹೇಳಿಸಿಕೊಳ್ಳದೆ ದೂರ ಸರಿಯುತ್ತೀರಿ. ಕೀಲಿ, ಟವೆಲ್, ಹತ್ತು ಸಲ ಹೆಬ್ಬೆರಳ ಒತ್ತು, ಮ್ಯಾಗಝೀನ್ ಕೂರುವ ಟಕ್ ಸದ್ದು. ಪಿಸ್ತೂಲು ಸೊಂಟಕ್ಕೆ.

"ಇಲ್ಲಿನ ಪರ್ಮಿಟ್?"

"ಇಲ್ಲಿ ಪರ್ಮಿಟ್ ಅನ್ನೋದೇ ಇಲ್ಲ ಮಾರಾಯ. ಕೇಳಿದ್ರೂ ಕೊಡಲ್ಲ."

ನಿಜ. ನೀವು ಹೋಗುತ್ತಿರುವ ರಟ್ಲಂಡ್ ಊರಿನಲ್ಲೇ ಒಂದು ಕಾಲದಲ್ಲಿ ಮೇಯರ್ ಅಥವಾ ಪೊಲೀಸ್ ಮುಖ್ಯಸ್ಥರ ಅನುಮತಿಯಿಲ್ಲದೆ ಪಿಸ್ತೂಲು ಅಡಗಿಸಿ ಒಯ್ಯಬಾರದೆಂಬ ನಿಯಮವಿತ್ತು. 1903ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಅಲ್ಲಿಂದ ಇಲ್ಲಿಯವರೆಗೆ ಪರ್ಮಿಟ್ಟಿಲ್ಲ. 2003ರಲ್ಲಿ ಅಲಾಸ್ಕಾ ಜೊತೆಗೂಡುವ ತನಕ ವರ್ಮಾಂಟ್ ಈ ವಿಷಯದಲ್ಲಿ ಒಂಟಿ; ಈಗ ಹೀಗಿರುವ ರಾಜ್ಯಗಳು 29. ವಿಚಿತ್ರವೆಂದರೆ 1777ರ ವರ್ಮಾಂಟ್ ಸಂವಿಧಾನ ಬಂದೂಕಿನ ಹಕ್ಕಿನ ಮಾತನ್ನು ಎರವಲು ಪಡೆದದ್ದು 1776ರ ಪೆನ್ಸಿಲ್ವೇನಿಯಾ ಸಂವಿಧಾನದಿಂದ. ಬೆಳಗ್ಗೆ ಹೊರಟ ರಾಜ್ಯ ಅದೇ ಮಾತಿಟ್ಟುಕೊಂಡು ಕಾರ್ಡು ಕೇಳುತ್ತದೆ, ಸಂಜೆ ತಲುಪಿದ ರಾಜ್ಯ ಏನೂ ಕೇಳುವುದಿಲ್ಲ. ಇದರ ಪೆಟ್ಟು ವರ್ಮಾಂಟಿನವರಿಗೇ: ಹೊರ ರಾಜ್ಯದಲ್ಲಿ ತೋರಿಸಲು ಅವರ ಕೈಯಲ್ಲಿ ಊರಿನ ಕಾರ್ಡು ಇಲ್ಲ.

ಅಂಗಡಿಯೊಂದರ ಮುಂದೆ ನಿಲ್ಲುತ್ತೀರಿ. ಹಾಲು, ಬ್ರೆಡ್ಡು, ಮೀನಿನ ಗಾಳ, ಕಿತ್ತಳೆ ಬಣ್ಣದ ಬೇಟೆ ಜಾಕೆಟ್ಟು ಎಲ್ಲ ಒಂದೇ ಕಡೆ. ಹೊರಗೆ ಪಿಕಪ್ ಟ್ರಕ್ಕಿನ ಹಿಂದೆ ಜಿಂಕೆಯೊಂದು ಮಲಗಿದೆ, ಕೊಂಬಿನ ಮೇಲೆ ಹಿಮದ ಪುಡಿ. ಟ್ರಕ್ಕಿನವನು ರೈಫಲ್ಲಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡು, ಆಮೇಲೆ ಅದನ್ನು ಸೀಟಿನ ಹಿಂದೆ ಇಡುತ್ತಿದ್ದಾನೆ. ಸೊಂಟದಲ್ಲಿ ತುಂಬಿದ ಪಿಸ್ತೂಲು ಇಟ್ಟುಕೊಂಡು ಓಡಿಸಲು ಅಡ್ಡಿಯಿಲ್ಲದ ಈ ರಾಜ್ಯದಲ್ಲಿ ತುಂಬಿದ ರೈಫಲ್ ವಾಹನದಲ್ಲಿಟ್ಟರೆ ತಪ್ಪು, ಪೆನ್ಸಿಲ್ವೇನಿಯಾದಲ್ಲೂ ಅಷ್ಟೇ. ರಸ್ತೆಯಲ್ಲಿ ಹೋಗುತ್ತ ಕಿಟಕಿಯಿಂದಲೇ ಜಿಂಕೆಗೆ ಈಡು ಹೊಡೆಯುವವರನ್ನು ತಡೆಯಲು ಬಂದ ನಿಯಮಗಳಿವು. ಅಪಾಯ ಎಲ್ಲಿದೆ ಎಂದು ನಿಜವಾಗಿ ಯೋಚಿಸಿ ಬರೆದ ನಿಯಮ ಇಡೀ ದಾರಿಯಲ್ಲಿ ಕಂಡದ್ದು ಇದೊಂದೇ.

ಕೌಂಟರಿನಲ್ಲಿ ಅಣ್ಣ ನಿಮ್ಮ ಭುಜ ತಟ್ಟುತ್ತಾರೆ. "ಇವನಿಗೊಂದು ಬೇಟೆ ಲೈಸನ್ಸ್ ಮಾಡಿಸಬಹುದಾ ನೋಡಿ." ಆಮೇಲೆ ಕನ್ನಡದಲ್ಲಿ ನಿಮಗೆ: ಎಚ್-1ಬಿಯವರಿಗಿರುವ ವಿನಾಯಿತಿಗಳಲ್ಲಿ ಇದೇ ಒಂದು. ಯಾವುದೇ ರಾಜ್ಯದ ಚಾಲ್ತಿ ಬೇಟೆ ಲೈಸನ್ಸ್ ಕೈಯಲ್ಲಿದ್ದರೆ ಬಂದೂಕು ಹಿಡಿಯಲು ಕೇಂದ್ರ ಕಾನೂನಿನ ತಡೆ ಇಲ್ಲ. ಪರ್ಮಿಟ್ಟಿಲ್ಲದ ಊರಿನಲ್ಲಿ ಜಿಂಕೆಯ ಹೆಸರಿನ ಕಾಗದವೊಂದು ನಿಮ್ಮ ಹದಿನೈದು ವರ್ಷದ ಭಯವನ್ನು ಕಳೆಯುತ್ತದೆ.

ಕೌಂಟರಿನ ಹೆಂಗಸು ಕನ್ನಡಕದ ಮೇಲಿಂದ ನೋಡುತ್ತಾಳೆ. ಹಿಂದೆ ಯಾವುದಾದರೂ ಬೇಟೆ ಲೈಸನ್ಸ್ ಇತ್ತೇ? ಇಲ್ಲ. ಬೇಟೆಗಾರರ ಸುರಕ್ಷತಾ ತರಬೇತಿಯ ಸರ್ಟಿಫಿಕೇಟು? ಅದೂ ಇಲ್ಲ.

"ಹಾಗಾದರೆ ಕೋರ್ಸ್ ಮುಗಿಸಿಕೊಂಡು ಬನ್ನಿ," ಎಂದು ಒಂದು ಕರಪತ್ರ ಮುಂದೆ ತಳ್ಳುತ್ತಾಳೆ. ಅಣ್ಣ ಬ್ರೆಡ್ಡು, ಮೊಟ್ಟೆಯ ದುಡ್ಡು ಎಣಿಸುತ್ತಿದ್ದಾರೆ. ನಾಳೆ ಕಾಡಿಗೆ ಹೋಗುವಾಗ ನಿಮ್ಮ ಕೈಗೆ ಕೊಡುವುದು ಕಾಫಿ ಫ್ಲಾಸ್ಕ್ ಮಾತ್ರ ಎನ್ನುತ್ತಾರೆ.